ಮೈನಸ್ ಖಾತೆಯ ವಕೀಲರಿಗೆ

ಕೆಲಸ ಬದಲಿಸಿದವರ ಹಳೇ ಸ್ಯಾಲರಿ ಅಕೌಂಟು ಕೆಲವು ವರ್ಷ ಕಳೆದ ಮೇಲೆ ಮೂರು ಸಾವಿರವೋ ಆರು ಸಾವಿರವೋ ಮೈನಸ್ ಹೊತ್ತು ಪ್ರತ್ಯಕ್ಷವಾಗುವುದು ಬೆಂಗಳೂರಿನಂಥ ಊರಲ್ಲಿ ಯಾರಿಗೂ ಹೊಸದಲ್ಲ. ಖಾತೆದಾರ ಒಂದು ರೂಪಾಯಿ ತೆಗೆದಿಲ್ಲ, ಚೆಕ್ ಬರೆದಿಲ್ಲ, ಸಾಲ ಕೇಳಿಲ್ಲ. ಆದರೂ ಅವನು ಬ್ಯಾಂಕಿಗೆ ಬಾಕಿದಾರ. ಇದು ಅನ್ಯಾಯ ಎಂದರೆ ಸಾಕು, ಬ್ಯಾಂಕಿನ ಪರ ಎದ್ದು ನಿಲ್ಲುವ ವಕೀಲರ ಪಡೆಯೇ ಇದೆ. ಅದರಲ್ಲಿ ನಿವೃತ್ತ ಅಧಿಕಾರಿಗಳಿದ್ದಾರೆ, ಹಣಕಾಸು ಸಲಹೆ ಕೊಡುವ ಹುಡುಗರಿದ್ದಾರೆ, ‘ನಾನಂತೂ ಜೀವಮಾನದಲ್ಲಿ ಒಂದು ಪೈಸೆ ದಂಡ ಕಟ್ಟಿದವನಲ್ಲ’ ಎನ್ನುವ ಶಿಸ್ತಿನ ಸಿಪಾಯಿಗಳೂ ಇದ್ದಾರೆ. ಅವರ ವಾದಗಳನ್ನು ಅವರು ಹೇಳುವಷ್ಟೇ ಗಟ್ಟಿಯಾಗಿ ಇಲ್ಲಿಡುತ್ತೇನೆ. ತೀರ್ಪು ಓದುಗರದು.

ಮೊದಲನೆಯದು, ಅವರ ಅತಿ ಪ್ರೀತಿಯ ವಾದ: ಖಾತೆ ತೆರೆಯುವಾಗ ಷರತ್ತುಗಳಿಗೆ ಸಹಿ ಹಾಕಿದ್ದೀರಿ, ಈಗ ಗೋಳಾಡುವುದೇಕೆ? ಯಾವ ಷರತ್ತಿಗೆ ಸ್ವಾಮಿ? ಸ್ಯಾಲರಿ ಅಕೌಂಟು ಹುಟ್ಟಿದ್ದೇ ಜೀರೋ ಬ್ಯಾಲೆನ್ಸ್ ಖಾತೆಯಾಗಿ. ಕೆಲಸಕ್ಕೆ ಸೇರಿದ ದಿನ ಎಚ್‌ಆರ್‌ನವರು ಮುಂದಿಟ್ಟ ಫಾರಂಗಳ ಕಟ್ಟಿನಲ್ಲಿ ಅದೂ ಒಂದು. ಬ್ಯಾಂಕನ್ನು ಆರಿಸಿದ್ದು ಕಂಪನಿ, ಉದ್ಯೋಗಿಯಲ್ಲ. ಸಂಬಳ ಬರುವುದು ನಿಂತು ಸಾಮಾನ್ಯವಾಗಿ ಮೂರು ತಿಂಗಳಾದರೆ ಬ್ಯಾಂಕು ಅದನ್ನು ಮಾಮೂಲಿ ಉಳಿತಾಯ ಖಾತೆಯನ್ನಾಗಿ ಮಾರ್ಪಡಿಸಿ, ಹತ್ತು ಸಾವಿರದಂಥ ಮಿನಿಮಮ್ ಬ್ಯಾಲೆನ್ಸ್ ಅದರ ತಲೆಗೆ ಕಟ್ಟುತ್ತದೆ. ಹೀಗೆ ಬದಲಿಸುವ ಅಧಿಕಾರವೂ ಸಣ್ಣಕ್ಷರದಲ್ಲಿ ಇತ್ತು ಎನ್ನುತ್ತಾರೆ. ಇರಲಿ, ಒಪ್ಪೋಣ. ಆದರೆ ಸಣ್ಣಕ್ಷರ ಓದಬೇಕಾದವನು ಗ್ರಾಹಕ ಒಬ್ಬನೇ ಏನು? ಬ್ಯಾಂಕಿಗೂ ಒಂದು ಷರತ್ತುಪತ್ರವಿದೆ, ಅದನ್ನು ಬರೆದದ್ದು ರಿಸರ್ವ್ ಬ್ಯಾಂಕ್. ಅದು ದೊಡ್ಡಕ್ಷರದಲ್ಲೇ ಇದೆ.

2014ರ ನವೆಂಬರ್ 20ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕನಿಷ್ಠ ಶಿಲ್ಕು ಕಡಿಮೆಯಾದರೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ಸೇವೆ ಕೊಡಲು ಆಗುವ ಸರಾಸರಿ ವೆಚ್ಚಕ್ಕೆ ಅದು ತಾಳೆಯಾಗಬೇಕು. ಇಷ್ಟಾದ ಮೇಲೆ ಇನ್ನೊಂದು ಮಾತಿದೆ, ವಕೀಲರು ಎಂದೂ ಬಾಯಿಬಿಡದ ಮಾತು. ಬರೀ ಈ ದಂಡದಿಂದಾಗಿ ಉಳಿತಾಯ ಖಾತೆಯ ಶಿಲ್ಕು ಮೈನಸ್‌ಗೆ ಇಳಿಯಕೂಡದು. ಸಹಿಯ ಮಾತೆತ್ತುವವರು ಇದಕ್ಕೆ ಉತ್ತರ ಹೇಳಲಿ: ನಿಯಂತ್ರಕ ಬೇಡವೆಂದದ್ದನ್ನು ಗ್ರಾಹಕನ ಸಹಿ ಹೇಗೆ ಸಕ್ರಮ ಮಾಡುತ್ತದೆ?

ಇಲ್ಲಿಗೆ ಬಂದಾಗ ವಕೀಲರು ದಾರಿ ಬದಲಿಸುತ್ತಾರೆ. ಮೈನಸ್ ಎಲ್ಲಿದೆ, ಶಿಲ್ಕು ಸೊನ್ನೆಯೇ ಇದೆಯಲ್ಲ, ಬಾಕಿ ಶುಲ್ಕವನ್ನು ‘ಲೀನ್’ ಎಂದು ಗುರುತು ಹಾಕಿದ್ದೇವೆ ಅಷ್ಟೆ, ಎನ್ನುತ್ತಾರೆ. ಈ ಜಾಣತನವನ್ನು ಸ್ವಲ್ಪ ನಿಂತು ನೋಡಬೇಕು. ಪಾಸ್‌ಬುಕ್ಕಿನಲ್ಲಿ ಸೊನ್ನೆ. ಆ್ಯಪ್‌ನ ಮೂಲೆಯಲ್ಲಿ ನಾಲ್ಕು ಸಾವಿರ ಲೀನ್. ನಾಳೆ ಆ ಖಾತೆಗೆ ತಪ್ಪಿ ಹಳೇ ಆದಾಯ ತೆರಿಗೆ ರೀಫಂಡೋ, ಯಾವುದೋ ಷೇರಿನ ಡಿವಿಡೆಂಡೋ, ಪಿಎಫ್ ಹಣವೋ ಬಂದು ಬಿದ್ದರೆ ಮೊದಲ ತುತ್ತು ಬ್ಯಾಂಕಿಗೆ. ಬಂದ ದುಡ್ಡಿನಿಂದ ಹಿಂದಿನ ಬಾಕಿ ಕಳೆದುಕೊಳ್ಳುವ ಲೆಕ್ಕ ಮೈನಸ್ ಅಲ್ಲದಿದ್ದರೆ ಮತ್ತೇನು? ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದು ಎಂದು ನಿಯಮ ಬರೆದವರು ಪಾಸ್‌ಬುಕ್ಕಿನ ಅಂದ ಕಾಪಾಡಲು ಬರೆಯಲಿಲ್ಲ, ಗ್ರಾಹಕ ಸಾಲಗಾರನಾಗಬಾರದು ಎಂದು ಬರೆದರು. ಒಂದು ಕಾಲಂನಲ್ಲಿ ನಿಷೇಧವಾದದ್ದನ್ನು ಪಕ್ಕದ ಕಾಲಂನಲ್ಲಿ ಬರೆದಿಟ್ಟರೆ ಅದು ಪಾಲನೆಯಲ್ಲ. ಹೀಗೆ ಮರೆಮಾಚುವುದೇ ಅವರಿಗೂ ನಿಯಮ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ.

ಮುಂದಿನದು: ನೋಟಿಸ್ ಕಳಿಸಿದ್ದೆವು, ನೀವು ನೋಡಲಿಲ್ಲ. ಎಲ್ಲಿಗೆ ಕಳಿಸಿದಿರಿ? ಹಳೇ ಕಂಪನಿ ಕೊಟ್ಟಿದ್ದ ಇಮೇಲ್‌ಗೆ, ಕೆಲಸ ಬಿಟ್ಟ ದಿನವೇ ಸತ್ತ ವಿಳಾಸಕ್ಕೆ. ಅಥವಾ ಬಿಟ್ಟುಕೊಟ್ಟ ಸಿಮ್ ನಂಬರಿಗೆ. ಅದೇ ಗ್ರಾಹಕನಿಗೆ ಪರ್ಸನಲ್ ಲೋನ್ ಮಾರಬೇಕಾದಾಗ ಬ್ಯಾಂಕುಗಳಿಗೆ ಸಿಗುವ ನಂಬರು ದಂಡದ ಎಚ್ಚರಿಕೆ ಕೊಡಬೇಕಾದಾಗ ಮಾತ್ರ ಸಿಗುವುದಿಲ್ಲ. ವಿಳಾಸ ಬದಲಾದದ್ದನ್ನು ತಿಳಿಸುವ ಹೊಣೆ ಗ್ರಾಹಕನದೇ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂದೇಶ ತಲುಪಿಲ್ಲ ಎಂದು ವಾಪಸು ಬಂದ ಮೇಲೂ ತಿಂಗಳು ತಪ್ಪದೆ ದುಡ್ಡು ಕಡಿದವರು ‘ತಿಳಿಸಿದ್ದೆವು’ ಎನ್ನುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಖಾತೆ ನಡೆಸಲು ಖರ್ಚಿದೆ, ಅದನ್ನು ಯಾರು ಕೊಡಬೇಕು? ಗಂಭೀರವಾಗಿ ಕೇಳಿಸುವ ವಾದ ಇದೊಂದೇ, ಹಾಗಾಗಿ ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಯಾರೂ ಮುಟ್ಟದ ಖಾತೆಗೆ ತಗಲುವ ಖರ್ಚಾದರೂ ಎಷ್ಟು? ಅದರಲ್ಲಿ ನಗದು ಎಣಿಸುವವರಿಲ್ಲ, ಚೆಕ್ ಇಲ್ಲ, ಕೌಂಟರಿನ ಮುಂದೆ ಯಾರೂ ನಿಂತಿಲ್ಲ. ಇನ್ನು ಸಂಖ್ಯೆಗಳನ್ನೇ ನೋಡಿ. ಸ್ಟೇಟ್ ಬ್ಯಾಂಕ್ 2017ರಲ್ಲಿ ಈ ದಂಡವನ್ನು ಮತ್ತೆ ತಂದು, ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ 1,771 ಕೋಟಿ ರೂಪಾಯಿ ಸಂಗ್ರಹಿಸಿತು. ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಅದರ ನಿವ್ವಳ ಲಾಭವೇ ಅಷ್ಟಿರಲಿಲ್ಲ. 2024ರ ಮಾರ್ಚ್‌ಗೆ ಮುಗಿದ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಒಟ್ಟು ಸುಮಾರು 8,500 ಕೋಟಿ ಹೀಗೆ ವಸೂಲು ಮಾಡಿದ್ದನ್ನು ಸರ್ಕಾರವೇ ಲೋಕಸಭೆಗೆ ತಿಳಿಸಿದೆ. ಇದು ಖರ್ಚು ತುಂಬಿಕೊಳ್ಳುವ ಲೆಕ್ಕವೋ ವರಮಾನದ ಬಾಬ್ತೋ ಎಂದು ಯಾರಾದರೂ ಕೇಳುವುದು ಸಹಜ.

ಖರ್ಚಿನ ವಾದಕ್ಕೆ ಬೇರೆಯವರಿಗಿಂತ ಚೆನ್ನಾಗಿ ಉತ್ತರ ಕೊಟ್ಟವರು ಬ್ಯಾಂಕುಗಳೇ. ಅದೇ ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಶಿಲ್ಕಿನ ನಿಬಂಧನೆಯನ್ನು ತೆಗೆದುಹಾಕಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಅದೇ ದಾರಿ ಹಿಡಿಯಿತು. ಪಂಜಾಬ್ ನ್ಯಾಷನಲ್, ಇಂಡಿಯನ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ ಜುಲೈನಲ್ಲಿ ಹಿಂಬಾಲಿಸಿದವು. ಕೋಟ್ಯಂತರ ಖಾತೆಗಳಿರುವ ಇವರಿಗೆಲ್ಲ ಖರ್ಚು ಇಲ್ಲವೇ? ದಂಡವಿಲ್ಲದೆ ಬ್ಯಾಂಕ್ ನಡೆಯದು ಎಂಬ ವಾದ ದಂಡ ಬಿಟ್ಟೂ ನಡೆಯುತ್ತಿರುವ ಬ್ಯಾಂಕುಗಳ ಎದುರು ಬಾಯಿ ಮುಚ್ಚಬೇಕಾಗುತ್ತದೆ. ಖಾಸಗಿ ಬ್ಯಾಂಕು ತನ್ನ ಖಾತೆಗೆ ತನಗೆ ಬೇಕಾದ ಮಿತಿ ಇಟ್ಟುಕೊಳ್ಳಬಹುದು, ಕಾನೂನು ಅಷ್ಟು ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಅದನ್ನು ಅನಿವಾರ್ಯ ಎಂದು ಕರೆಯಬೇಡಿ, ಆಯ್ಕೆ ಎಂದು ಒಪ್ಪಿಕೊಳ್ಳಿ.

ಮರೆತದ್ದು ನಿಮ್ಮ ತಪ್ಪು ತಾನೇ, ಎನ್ನುತ್ತಾರೆ ಶಿಸ್ತಿನ ಸಿಪಾಯಿಗಳು. ಮರೆವು ತಪ್ಪೇ ಇರಬಹುದು. ಆದರೆ ಗ್ರಾಹಕನ ಕಷ್ಟವನ್ನಾಗಲಿ ಮೈಮರೆವನ್ನಾಗಲಿ ಬ್ಯಾಂಕು ತನ್ನ ಲಾಭಕ್ಕೆ ಬಳಸಬಾರದು ಎಂದು ಹೇಳಿದ್ದು ಯಾವುದೋ ಗ್ರಾಹಕ ಸಂಘವಲ್ಲ, ರಿಸರ್ವ್ ಬ್ಯಾಂಕ್. ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ, 2014ರ ಏಪ್ರಿಲ್‌ನ ಹಣಕಾಸು ನೀತಿ ಹೇಳಿಕೆಯಲ್ಲಿ. ದಂಡ ಹಾಕುವ ಬದಲು ಆ ಖಾತೆಯ ಸೌಲಭ್ಯಗಳನ್ನು ಮೂಲ ಉಳಿತಾಯ ಖಾತೆಯ ಮಟ್ಟಕ್ಕೆ ಇಳಿಸಿ, ಶಿಲ್ಕು ತುಂಬಿದಾಗ ಮರಳಿ ಕೊಡಿ ಎಂಬ ಸರಳ ದಾರಿಯನ್ನೂ ಅಲ್ಲೇ ತೋರಿಸಿತ್ತು. ನವೆಂಬರ್ ಹೊತ್ತಿಗೆ ಆ ಮಾತು ತೆಳುವಾಗಿ ‘ದಂಡ ಹಾಕಿ, ಆದರೆ ಮಿತಿಯಲ್ಲಿ’ ಎಂದಾಯಿತು. ಆ ಮಿತಿಯನ್ನೂ ಉಳಿಸಿಕೊಳ್ಳಲಾಗದವರು ನಮಗೆ ಮರೆವಿನ ಪಾಠ ಹೇಳುತ್ತಿದ್ದಾರೆ.

ಎರಡು ವರ್ಷ ಗ್ರಾಹಕ ತಾನಾಗಿ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಆಮೇಲೆ ದಂಡವೇ ಇಲ್ಲ, ಇಷ್ಟು ರಕ್ಷಣೆ ಸಾಲದೇ ಎಂದೂ ಕೇಳುತ್ತಾರೆ. ನಿಯಮ ನಿಜ. 2014ರಿಂದಲೂ ಇದೆ, 2024ರ ಜನವರಿ 1ರ ಪರಿಷ್ಕೃತ ಸೂಚನೆಯಲ್ಲೂ ಇದೆ. ಅಂಥ ಖಾತೆಯನ್ನು ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ ಎಂದೂ ಅದರಲ್ಲಿದೆ. ಆದರೆ ಆ ಎರಡು ವರ್ಷಗಳಲ್ಲಿ ಏನಾಗುತ್ತದೆ ಎಂಬುದನ್ನು ಪೆನ್ನು ಹಿಡಿದು ಲೆಕ್ಕ ಹಾಕಿ. ಕನಿಷ್ಠ ಶಿಲ್ಕು 10,000, ಖಾತೆಯಲ್ಲಿರುವುದು 5,000, ದಂಡ ಕೊರತೆಯ ಶೇ 6, ಗರಿಷ್ಠ 500 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ ಎಂದಿಟ್ಟುಕೊಳ್ಳಿ. ಮೊದಲ ತಿಂಗಳು 354 ರೂಪಾಯಿ ಹೋಗುತ್ತದೆ. ಹೋದದ್ದರಿಂದ ಕೊರತೆ ಹೆಚ್ಚುತ್ತದೆ, ಕೊರತೆ ಹೆಚ್ಚಿದ್ದರಿಂದ ಮುಂದಿನ ದಂಡ ಹೆಚ್ಚುತ್ತದೆ. ದಂಡವೇ ದಂಡವನ್ನು ಬೆಳೆಸುತ್ತ ಹೋಗಿ ಹನ್ನೊಂದನೇ ಕಡಿತಕ್ಕೆ ಐದು ಸಾವಿರವೂ ಮಾಯ. ಶೇ 2.5ರ ಲೆಕ್ಕದಲ್ಲಿ ಅದೇ ಐದು ಸಾವಿರಕ್ಕೆ ವರ್ಷವಿಡೀ ಕೊಡುವ ಬಡ್ಡಿ 125 ರೂಪಾಯಿ! ರಕ್ಷಣೆ ಬರುವುದು ಇಪ್ಪತ್ನಾಲ್ಕನೇ ತಿಂಗಳು ಮುಗಿದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಬೇಡದಿದ್ದರೆ ಖಾತೆ ಮುಚ್ಚಬಹುದಿತ್ತಲ್ಲ? ಮುಚ್ಚಲು ಹೋಗಿ ನೋಡಿ. ಹೋಮ್ ಬ್ರಾಂಚಿಗೇ ಬನ್ನಿ, ಕೆವೈಸಿ ಹೊಸದು ಮಾಡಿಸಿ, ಮೊದಲು ಬಾಕಿ ತುಂಬಿ ಎನ್ನುತ್ತಾರೆ. ನಿಯಮದ ಪ್ರಕಾರ ಇರಲೇಬಾರದ ಮೈನಸ್ಸನ್ನು ಕಟ್ಟಿದರೆ ಮಾತ್ರ ಆ ಮೈನಸ್ಸಿನಿಂದ ಬಿಡುಗಡೆ. ಬಾಗಿಲು ತೆರೆದೇ ಇದೆ ಎನ್ನುವವರೇ ಬಾಗಿಲಲ್ಲಿ ಸುಂಕಕ್ಕೆ ಕೂತಿದ್ದಾರೆ.

ಇನ್ನುಳಿದವು ಬೇಗ ಮುಗಿಯುತ್ತವೆ. ದಂಡದಿಂದ ಜನರಿಗೆ ಉಳಿತಾಯದ ಶಿಸ್ತು ಬರುತ್ತದಂತೆ. ಉಳಿಸಿದ್ದನ್ನು ಕಸಿದು ಉಳಿತಾಯ ಕಲಿಸುವ ವಿದ್ಯೆ ಅವರಿಗೇ ಇರಲಿ. ‘ಸಿಸ್ಟಮ್ ತಾನಾಗಿ ಕಟ್ ಮಾಡುತ್ತೆ ಸರ್, ನಮ್ಮ ಕೈಯಲ್ಲಿಲ್ಲ’ ಎಂಬುದು ಕೌಂಟರಿನ ಉತ್ತರ. ಕೌಂಟರಿನಲ್ಲಿ ಕೂತವರ ಮಟ್ಟಿಗೆ ಅದು ಸತ್ಯ, ಅವರ ಮೇಲೆ ರೇಗಿ ಫಲವಿಲ್ಲ. ಆದರೆ ಸಿಸ್ಟಮ್‌ಗೆ ಸೂತ್ರ ಬರೆದುಕೊಟ್ಟದ್ದು ಬ್ಯಾಂಕು. ದಂಡ ಕಡಿಯಲು ಕಲಿತ ಯಂತ್ರಕ್ಕೆ ಸೊನ್ನೆಯಲ್ಲಿ ನಿಲ್ಲಲು ಕಲಿಸುವುದು ಕಷ್ಟವೇನಲ್ಲ.

ವಕೀಲರಿಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಎಲ್ಲ ಮೈನಸ್ಸೂ ಕನಿಷ್ಠ ಶಿಲ್ಕಿನ ದಂಡದ್ದಲ್ಲ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ, ಎಂದೋ ಕೊಟ್ಟು ಮರೆತ ಇಎಂಐ ಅಥವಾ ಎಸ್‌ಐಪಿ ಮ್ಯಾಂಡೇಟ್ ಬೌನ್ಸ್ ಆದ ಶುಲ್ಕ, ಇವೂ ಸೇರಿರಬಹುದು. ಇವುಗಳ ಲೆಕ್ಕ ಬೇರೆ, ವಾದವೂ ಬೇರೆ. ಎಸ್‌ಎಂಎಸ್ ಶುಲ್ಕ ನಿಜವಾಗಿ ಕಳಿಸಿದ ಸಂದೇಶಗಳ ಲೆಕ್ಕದಲ್ಲಿರಬೇಕು ಎಂದು 2013ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ, ಅದನ್ನೂ ನೆನಪಿಡಿ.

ಆದ್ದರಿಂದ ಇಂಥ ಖಾತೆ ಕಣ್ಣಿಗೆ ಬಿದ್ದವರು ಮೊದಲು ಕೇಳಬೇಕಾದ್ದು ಸ್ಟೇಟ್‌ಮೆಂಟ್. ಪ್ರತಿ ಕಡಿತ ಯಾವ ದಿನದ್ದು, ಯಾವ ಬಾಬ್ತಿನದು, ಅದಕ್ಕೆ ಮುಂಚೆ ಯಾವ ನೋಟಿಸ್ ಎಲ್ಲಿಗೆ ಹೋಯಿತು ಎಂದು ಬರಹದಲ್ಲಿ ಕೇಳಿ. ಸೊನ್ನೆಗಿಂತ ಕೆಳಗೆ ಹಾಕಿದ ಕನಿಷ್ಠ ಶಿಲ್ಕಿನ ದಂಡವನ್ನೂ, ನಿಷ್ಕ್ರಿಯವಾದ ಮೇಲೆ ಹಾಕಿದ ದಂಡವನ್ನೂ ಜಿಎಸ್‌ಟಿ ಸಮೇತ ವಾಪಸು ಮಾಡುವಂತೆ, 2014ರ ನವೆಂಬರ್ 20ರ ತಾರೀಕು ನಮೂದಿಸಿ ಬರೆಯಿರಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಹಾರಿಕೆಯ ಉತ್ತರ ಕೊಟ್ಟರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಮೈನಸ್ ಮೊತ್ತ ಕಟ್ಟಿ ರಸೀದಿ ಹಿಡಿದು ಬರುವ ಮೊದಲು ಆ ಪತ್ರ ಬರೆಯಿರಿ.