ಬಾಟಲಿಯ ಬೆನ್ನು ಓದಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಯಾವ ರೂಮಿಗೆ ಹೋದರೂ ಎರಡು ವಸ್ತು ಕಾಣುತ್ತವೆ. ಒಂದು, ಗೋಡೆಗೆ ಅಂಟಿಸಿದ ಭಾರತದ ನಕಾಶೆ. ಇನ್ನೊಂದು, ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ನಿಂತ ಸಾಸ್ ಬಾಟಲಿಗಳು. ಮೆಸ್ಸಿನ ಪಲ್ಯ ಸೋಮವಾರ ಯಾವ ರುಚಿಯೋ ಶನಿವಾರವೂ ಅದೇ ರುಚಿ. ಅದನ್ನು ಗಂಟಲಲ್ಲಿ ಇಳಿಸುವ ಕೆಲಸ ಈ ಬಾಟಲಿಗಳದ್ದು. ಸ್ವಂತ ಒಲೆ ಇಲ್ಲದವನಿಗೆ ಅಂಗಡಿಯ ಸಾಸೇ ಅರ್ಧ ಅಡುಗೆಮನೆ.

ನನ್ನ ಕಿಟಕಿಯಲ್ಲಿ ಮೊದಲು ಬಾಟಲಿ ಇರಲಿಲ್ಲ. ಅವ್ವ ಕಟ್ಟಿಕೊಟ್ಟ ರಂಜಕದ ಭರಣಿ ಇತ್ತು. ನಮ್ಮದು ಹುಕ್ಕೇರಿ ತಾಲ್ಲೂಕು, ಸಂಕೇಶ್ವರದ ಹತ್ತಿರದ ಹಳ್ಳಿ. ಚಳಿಗಾಲದಲ್ಲಿ ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ ತಂದು, ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ನಿಂಬೆರಸ, ಚೂರು ಬೆಲ್ಲ ಹಾಕಿ ರುಬ್ಬಿದರೆ ರಂಜಕ. ರೊಟ್ಟಿಯ ಮೇಲೆ ಸವರಿ, ಮೇಲಿಷ್ಟು ಕೆನೆಮೊಸರು ಹಾಕಿಕೊಂಡರೆ ಬೇರೆ ಪಲ್ಯ ಬೇಡ.

ಹೋದ ವರ್ಷ ಒಂದು ಪರೀಕ್ಷೆಯ ಫಲಿತಾಂಶ ಬಂತು. ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಅದು ನನ್ನ ಮೂರನೇ ಪ್ರಯತ್ನ. ಆಮೇಲೆ ನಾಲ್ಕು ತಿಂಗಳು ಊರಿಗೆ ಹೋಗಲಿಲ್ಲ. ಯಾರಾದರೂ ‘ಏನಾಯ್ತೋ’ ಎಂದು ಕೇಳುತ್ತಾರೆ ಎಂಬ ಅಂಜಿಕೆ. ಅಷ್ಟರಲ್ಲಿ ಭರಣಿ ಖಾಲಿಯಾಯಿತು. ಇನ್ನೊಂದು ಕಳಿಸು ಎನ್ನಲು ಬಾಯಿ ಬರಲಿಲ್ಲ. ಮೂಲೆಯ ಅಂಗಡಿಯಿಂದ ಅಗ್ಗದ ಚಿಲ್ಲಿ ಸಾಸ್ ತಂದೆ. ಲೇಬಲ್ ಮೇಲೆ ಬೆಂಕಿ ಉಗುಳುವ ದೊಡ್ಡ ಮೆಣಸಿನಕಾಯಿಯ ಚಿತ್ರವಿತ್ತು.

ಒಂದು ರಾತ್ರಿ ವಿಡಿಯೊ ಕಾಲ್‌ನಲ್ಲಿ ಅವ್ವನ ಕಣ್ಣಿಗೆ ಆ ಬಾಟಲಿ ಬಿತ್ತು. ಬೈಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ ಮಾತು: ‘ಅದರಾಗ ಏನೇನ ಹಾಕ್ಯಾರ?’

ನನಗೆ ಗೊತ್ತಿರಲಿಲ್ಲ. ಬಾಟಲಿ ತಿರುಗಿಸಿ ಓದಿ ಹೇಳಿದೆ. ನೀರು, ಸಕ್ಕರೆ, ಉಪ್ಪು, ಆಮೇಲೆ ಮೆಣಸಿನಕಾಯಿ. ಅದರ ಹಿಂದೆ ಒಂದಿಷ್ಟು ಅಂಕಿಗಳು. ಅವ್ವ ನಕ್ಕಳು. ‘ನೀರು, ಸಕ್ಕರಿಗೆ ರೊಕ್ಕಾ ಕೊಟ್ಟಿಯೇನೋ ತಮ್ಮಾ?’

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ ಎಂದು ನಾವೆಲ್ಲ ಸಾಮಾನ್ಯ ಜ್ಞಾನಕ್ಕಾಗಿ ಬಾಯಿಪಾಠ ಮಾಡಿರುತ್ತೇವೆ. ಎಫ್‌ಎಸ್‌ಎಸ್‌ಎಐ ಪೂರ್ಣರೂಪ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇವೆ. ಆದರೆ ಅದೇ ನಿಯಮದ ಪ್ರಕಾರ ಪೊಟ್ಟಣದ ಮೇಲಿನ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಅಂದರೆ ಯಾವುದು ಹೆಚ್ಚೋ ಅದು ಮೊದಲು ಎಂಬುದನ್ನು ಎಷ್ಟು ಜನ ಅಂಗಡಿಯಲ್ಲಿ ನಿಂತು ಬಳಸುತ್ತೇವೆ? ಬಾಟಲಿಯ ಮುಂಭಾಗ ಜಾಹೀರಾತು. ಬೆನ್ನು ಉತ್ತರ ಪತ್ರಿಕೆ. ನಾವು ಮುಂಭಾಗ ನೋಡಿ ದುಡ್ಡು ಕೊಡುತ್ತಿದ್ದೇವೆ ಎಂಬುದೇ ನನ್ನ ತಕರಾರು.

ಅಂಗಡಿ ಸಾಸ್ ಎಲ್ಲವೂ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಬೆನ್ನು ಓದುವ ಚಟ ಹತ್ತಿದ ಮೇಲೆ ನನಗೆ ಇಷ್ಟವಾದ ಬಾಟಲಿಗಳೂ ಸಿಕ್ಕವು. ರೂಮಿನ ಮೂವರು ಪಟ್ಟಿ ಹಾಕಿಕೊಂಡು ತಿಂಗಳಿಗೊಂದು ಹೊಸ ಬಾಟಲಿ ತರುತ್ತೇವೆ.

ಮೊದಲನೆಯದು ಟಬಾಸ್ಕೊ. ಅಮೆರಿಕದ ಲೂಯಿಸಿಯಾನಾದ ಏವರಿ ಐಲೆಂಡ್ ಎಂಬಲ್ಲಿ ಒಂದೇ ಕುಟುಂಬ 1868ರಿಂದ ಇದನ್ನು ತಯಾರಿಸುತ್ತಿದೆ. ಅದರ ಬೆನ್ನ ಮೇಲಿರುವುದು ವಿನೆಗರ್, ಕೆಂಪು ಮೆಣಸಿನಕಾಯಿ, ಉಪ್ಪು ಮಾತ್ರ. ರುಬ್ಬಿದ ಮೆಣಸಿನಕಾಯಿಯನ್ನು ಉಪ್ಪು ಬೆರೆಸಿ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಹುಳಿಬರಿಸುತ್ತಾರೆ. ನೀರಿನಂತೆ ತೆಳ್ಳಗೆ, ಹುಳಿ ಹುಳಿ. ಆಮ್ಲೆಟ್ ಮೇಲೆ ನಾಲ್ಕು ಹನಿ ಸಾಕು. ಬೆಲೆ ಜಾಸ್ತಿ, ಆದರೆ ಹನಿ ಲೆಕ್ಕದಲ್ಲಿ ಬಳಸುವುದರಿಂದ ಪುಟ್ಟ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ.

ಎರಡನೆಯದು ಶ್ರೀರಾಚಾ. ಥಾಯ್ಲೆಂಡಿನ ಸಮುದ್ರ ತೀರದ ಊರೊಂದರ ಹೆಸರು ಅದು. ಆ ಹೆಸರನ್ನು ಜಗತ್ತಿಗೆ ಮುಟ್ಟಿಸಿದ್ದು ಮಾತ್ರ ವಿಯೆಟ್ನಾಂನಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದ ಡೇವಿಡ್ ಟ್ರಾನ್. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಂಪನಿ ಶುರುಮಾಡಿ, ತಮ್ಮನ್ನು ದೇಶ ದಾಟಿಸಿದ ಹಡಗಿನ ಹೆಸರನ್ನೇ ಅದಕ್ಕಿಟ್ಟರು: ಹುಯ್ ಫಾಂಗ್. ಹುಂಜದ ಚಿತ್ರದ ಆ ಬಾಟಲಿ ಅಮೆರಿಕದ ಊಟದ ಮೇಜುಗಳಲ್ಲಿ ಮನೆಮಾತಾಯಿತು. ಆದರೆ 2022ರಲ್ಲಿ ಮೆಣಸಿನಕಾಯಿ ಸಾಲದೆ ಅದೇ ಕಂಪನಿ ಕೆಲಕಾಲ ಉತ್ಪಾದನೆ ನಿಲ್ಲಿಸಬೇಕಾಯಿತು. ಮೆಣಸಿನಕಾಯಿ ಬೆಳೆಯುವ ಮನೆಯ ಮಗನಾದ ನನಗೆ ಇದು ಸಣ್ಣ ಸುದ್ದಿಯಲ್ಲ. ಎಷ್ಟು ದೊಡ್ಡ ಬ್ರ್ಯಾಂಡ್ ಆದರೂ ಕೊನೆಗೆ ಹೊಲದ ಕಡೆಗೇ ನೋಡಬೇಕು.

ಮೂರನೆಯದು ಶೆಜ್ವಾನ್ ಚಟ್ನಿ. ಹೆಸರು ಚೀನಾದ ಸಿಚುವಾನ್ ಪ್ರಾಂತ್ಯದ್ದು, ರುಚಿ ಮಾತ್ರ ನಮ್ಮ ದೇಶದ ಚೈನೀಸ್ ಹೋಟೆಲುಗಳದ್ದು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ. ಜೋಳದ ರೊಟ್ಟಿಗೆ ಇದರಷ್ಟು ಹೊಂದುವ ಬಾಟಲಿ ಬೇರೆ ಇಲ್ಲ ಎಂಬುದು ನಮ್ಮ ರೂಮಿನ ಸರ್ವಾನುಮತದ ತೀರ್ಪು.

ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಗೆಳೆಯನೊಬ್ಬ ಒಮ್ಮೆ ಸಾಲ್ಸಾ ಬಾಟಲಿ ತಂದಿದ್ದ. ಸ್ಪ್ಯಾನಿಷ್‌ನಲ್ಲಿ ಸಾಲ್ಸಾ ಎಂದರೆ ಸಾಸ್ ಅಷ್ಟೇ. ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ, ನಿಂಬೆಹುಳಿ. ಮೆಕ್ಸಿಕೋದಲ್ಲಿ ಅದನ್ನು ಕಲ್ಲಿನ ಒರಳಿನಲ್ಲಿ ಅರೆಯುವ ರೂಢಿಯಿದೆ. ನಮ್ಮ ಟೊಮೆಟೊ ಚಟ್ನಿಯ ದಾಯಾದಿ ಎಂದು ಮೊದಲ ತುತ್ತಿಗೇ ಗೊತ್ತಾಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೆಣಸಿನಕಾಯಿಯೂ ಟೊಮೆಟೊವೂ ಆ ಕಡೆಯಿಂದ ಬಂದ ನೆಂಟರೇ. ಮೆಣಸಿನಕಾಯಿಯನ್ನು ಪೋರ್ಚುಗೀಸರು ಹಡಗಿನಲ್ಲಿ ತಂದರು. ‘ನಮ್ಮದೇ ಶುದ್ಧ, ಅವರದ್ದು ಪರದೇಶಿ’ ಎಂಬ ಜಗಳ ತಟ್ಟೆಯ ಮುಂದೆ ನಿಲ್ಲುವುದಿಲ್ಲ.

ನನ್ನನ್ನು ನಿಲ್ಲಿಸಿದ್ದು ನಾಲ್ಕನೇ ಬಾಟಲಿ. ಮುಂಬೈನ ‘ನಾಗಿನ್’ ಎಂಬ ಸಾಸ್‌ನ ಮೇಲೆ, ಬಳಸಿದ ಮೆಣಸಿನಕಾಯಿಯ ತಳಿಯ ಹೆಸರಿತ್ತು: ಸಂಕೇಶ್ವರಿ. ಬೆಳಗಾವಿ–ಕೊಲ್ಹಾಪುರ ಹೆದ್ದಾರಿಯ ಮೇಲಿನ ನಮ್ಮ ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ! ಅಪ್ಪನಿಗೆ ಫೋಟೊ ಕಳಿಸಿದೆ. ಮೊದಲು ಹೆಮ್ಮೆ ಅನಿಸಿತು, ಆಮೇಲೆ ಸಣ್ಣ ಹೊಟ್ಟೆಯುರಿ. ಅವರು ನಮ್ಮ ಹೆಸರನ್ನು ಕದ್ದಿಲ್ಲ, ಗೌರವದಿಂದ ಬರೆದಿದ್ದಾರೆ. ಬರೆಯದೆ ಕೂತವರು ನಾವು. ನಾವು ಚೀಲ ತುಂಬಿ ಮಾರಿ ಮನೆಗೆ ಬಂದೆವು, ಅವರು ಬಾಟಲಿ ತುಂಬಿದರು.

ಹಾಗಾದರೆ ನಾವೇ ರಂಜಕ ತುಂಬಿ ಮಾರಿದರಾಯಿತಲ್ಲ? ನಾನೂ ಹಾಗೇ ಅಂದುಕೊಂಡೆ. ಕೊನೆಗೂ ಊರಿಗೆ ಹೋದಾಗ ಅವ್ವನ ಕೈಯಲ್ಲಿ ರುಬ್ಬಿಸಿದೆ. ‘ಗೆಳೆಯರಿಗೆ ಉಪ್ಪು ಜಾಸ್ತಿ ಆಗತೈತಿ, ಸ್ವಲ್ಪ ಕಡಿಮಿ ಹಾಕು’ ಎಂದು ಜಾಣತನ ಮಾಡಿದೆ. ನಿಂಬೆರಸವನ್ನೂ ಕಡಿಮೆ ಮಾಡಿಸಿದೆ. ಹಳೆಯ ಸಾಸ್ ಬಾಟಲಿ ತೊಳೆದು ಆರುಬಿಟ್ಟು, ಸರಿಯಾಗಿ ಒಣಗುವ ಮೊದಲೇ ತುಂಬಿದೆ. ಧಾರವಾಡಕ್ಕೆ ಆರು ಬಾಟಲಿ ತಂದೆ. ಹತ್ತು ದಿನಕ್ಕೆ ಎರಡರಲ್ಲಿ ಬೂಷ್ಟು. ಆರನ್ನೂ ಚೆಲ್ಲಿದೆ. ಅಪ್ಪನ ಹೊಲದ ಕಾಯಿ, ಅವ್ವನ ಒಂದು ದಿನದ ದುಡಿಮೆ, ಎಲ್ಲವೂ ಕಸದ ಡಬ್ಬಿಗೆ.

ಆ ದಿನ ಬಾಟಲಿಯ ಬೆನ್ನನ್ನು ಮತ್ತೊಮ್ಮೆ, ಈ ಬಾರಿ ವಿನಯದಿಂದ, ಓದಿದೆ. ನಾನು ನಕ್ಕಿದ್ದ ಅಂಕಿಗಳಿಗೆಲ್ಲ ಅರ್ಥವಿತ್ತು. 260 ಎಂದರೆ ಅಸಿಟಿಕ್ ಆಮ್ಲ, ವಿನೆಗರ್‌ನ ಹುಳಿ ಅದೇ. 211 ಎಂದರೆ ಸೋಡಿಯಂ ಬೆಂಜೊಯೇಟ್, ಬೂಷ್ಟು ತಡೆಯಲು. 415 ಎಂದರೆ ಕ್ಸಾಂಥನ್ ಗಮ್, ಸಾಸ್ ಗಟ್ಟಿಯಾಗಿ ನಿಲ್ಲಲು. 160ಸಿ ಎಂದರೆ ಕೆಂಪು ಮೆಣಸಿನಕಾಯಿಯಿಂದಲೇ ತೆಗೆದ ಬಣ್ಣ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಅಷ್ಟು ಬೇಡಿಕೆ ಇರುವುದು ಆ ಬಣ್ಣಕ್ಕಾಗಿಯೂ ಹೌದು. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಗಾಳಿಯಾಡದ ಬಾಟಲಿಯಲ್ಲಿ ಪ್ರಾಣಕ್ಕೇ ಕುತ್ತು ತರುವ ಬಾಟುಲಿಸಂ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅವ್ವ ಸುರಿಯುವ ಉಪ್ಪು, ಹಿಂಡುವ ನಿಂಬೆ ರುಚಿಗಷ್ಟೇ ಇದ್ದದ್ದಲ್ಲ. ಅವಳ ಕೈಗೆ ಗೊತ್ತಿದ್ದ ವಿಜ್ಞಾನವನ್ನು ಡಿಗ್ರಿ ಓದಿದ ನಾನು ಕಡಿಮೆ ಮಾಡಿಸಿದ್ದೆ.

ಆದ್ದರಿಂದ ನನ್ನ ಮಾತು ಎರಡೂ ಕಡೆಗೆ ಅನ್ವಯಿಸುತ್ತದೆ. ಅಂಗಡಿಯದ್ದೆಲ್ಲ ವಿಷ ಎನ್ನುವವರೂ ಬೆನ್ನು ಓದಿಲ್ಲ, ಚಿತ್ರ ನೋಡಿ ಕೊಳ್ಳುವವರೂ ಓದಿಲ್ಲ. ಓದುವುದು ಕಷ್ಟವೇನಲ್ಲ. ಮೊದಲ ಮೂರು ಪದಾರ್ಥ ನೋಡಿ. ಅಲ್ಲಿ ನೀರು, ಸಕ್ಕರೆ ಇದ್ದು ಮೆಣಸಿನಕಾಯಿ ಎಲ್ಲೋ ಹಿಂದಿದ್ದರೆ, ನೀವು ಕೊಳ್ಳುತ್ತಿರುವುದು ಕೆಂಪು ಪಾನಕ. ಸಿಹಿ ಖಾರವೇ ಬೇಕೆಂದರೆ ಧಾರಾಳವಾಗಿ ಕೊಳ್ಳಿ, ಆದರೆ ಗೊತ್ತಿದ್ದು ಕೊಳ್ಳಿ. ಸೋಡಿಯಂ ಎಷ್ಟೆಂದು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಮೆಸ್ಸಿನ ಸಾರು, ಉಪ್ಪಿನಕಾಯಿ, ಮೇಲೆ ಸಾಸ್ ಸೇರಿದರೆ ಆ ಗೆರೆ ದಾಟುವುದು ಸುಲಭ. ಖಾರ ನೆತ್ತಿಗೇರಿದರೆ ನೀರು ಕುಡಿಯಬೇಡಿ. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲೋ ಮೊಸರೋ ಬೇಕು. ರಂಜಕಕ್ಕೆ ಕೆನೆಮೊಸರು ಜೊತೆಯಾದದ್ದು ಸುಮ್ಮನೆ ಅಲ್ಲ.

ನಮ್ಮ ಊರುಗಳ ಖಾರ ಈ ಸಾಲಿನಲ್ಲಿ ನಿಲ್ಲಬೇಕೆಂದರೆ ‘ಅವ್ವನ ಕೈರುಚಿ’ ಎಂಬ ಲೇಬಲ್ ಸಾಲದು. ಅಳತೆ ಬೇಕು, ಒಣಗಿದ ಬಾಟಲಿ ಬೇಕು, ಪರವಾನಗಿಯ 14 ಅಂಕಿ ಬೇಕು, ಬೆನ್ನ ಮೇಲೆ ನಿಜ ಬೇಕು. ನೌಕರಿ ಬಿಟ್ಟು ಎಲ್ಲರೂ ಉದ್ಯಮಿಗಳಾಗಿ ಎಂಬ ಉಪದೇಶ ನನ್ನದಲ್ಲ. ನಾನಿನ್ನೂ ಪರೀಕ್ಷೆಗೇ ಓದುತ್ತಿದ್ದೇನೆ. ಆದರೆ ಫಲಿತಾಂಶಕ್ಕೆ ನಾಚಿ ಮನೆಯ ದಾರಿ ಮರೆಯುವ ಹುಡುಗರಿಗೆ ಒಂದು ಮಾತು ಹೇಳಬಲ್ಲೆ. ನಾಲ್ಕು ತಿಂಗಳ ನಂತರ ಹೋದಾಗ ಅವ್ವ ಪರೀಕ್ಷೆಯ ಸುದ್ದಿ ಎತ್ತಲಿಲ್ಲ. ‘ಭರಣಿ ತಂದಿಯಿಲ್ಲೋ?’ ಎಂದಷ್ಟೇ ಕೇಳಿದ್ದಳು.

ಈ ಬಾರಿ ಅವಳು ಹೇಳಿದಷ್ಟೇ ಉಪ್ಪು ಬಿದ್ದಿದೆ. ಭರಣಿಗೆ ನಾನೇ ಚೀಟಿ ಅಂಟಿಸಿದೆ: ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ, ಬೆಲ್ಲ, ಮೆಂತ್ಯ. ಓದಿ ತೋರಿಸಿದಾಗ ಅವ್ವ ತಿದ್ದಿದಳು. ‘ಉಪ್ಪ ಎರಡನೇದ್ದು, ಬೆಳ್ಳುಳ್ಳಿ ಅಲ್ಲ. ಖರೇ ಬರಿ.’

ಕಾಟು ಹಾಕಿ, ಸರಿಯಾಗಿ ಬರೆದೆ.