ಮುಂದೆ ನೋಡುವ ಯಂತ್ರ

ಮಕ್ಕಳೇ, ಪಾವಗಡದಿಂದ ಮಧುಗಿರಿ ಕಡೆಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಚಾಲಕರನ್ನು ಗಮನಿಸಿದ್ದೀರಾ? ಬೀದಿದೀಪವಿಲ್ಲದ ತಿರುವಿನ ರಸ್ತೆಯಲ್ಲಿ ಜಾಣ ಚಾಲಕರು ಹಗಲಿನಷ್ಟು ವೇಗವಾಗಿ ಓಡಿಸುವುದಿಲ್ಲ. ಬಸ್ಸು ಅದೇ, ಎಂಜಿನ್ ಅದೇ, ರಸ್ತೆಯೂ ಅದೇ. ಆದರೆ ಹೆಡ್‌ಲೈಟಿನ ಬೆಳಕು ಬೀಳುವಷ್ಟು ದೂರ ಮಾತ್ರ ಅವರಿಗೆ ದಾರಿ ಕಾಣುತ್ತದೆ. ಕಾಣುವಷ್ಟು ದೂರದೊಳಗೆ ಬಸ್ಸನ್ನು ನಿಲ್ಲಿಸಲು ಸಾಧ್ಯವಾಗಬೇಕು. ಲೋಹ ಕತ್ತರಿಸುವ ಕಂಪ್ಯೂಟರ್ ಯಂತ್ರಕ್ಕೂ ಇದೇ ನಿಯಮ!

ನಿಮ್ಮಲ್ಲಿ ಕೆಲವರ ಅಣ್ಣಂದಿರು, ಅಕ್ಕಂದಿರು ಬೆಂಗಳೂರಿನ ಪೀಣ್ಯದಲ್ಲೋ ತುಮಕೂರಿನ ಹತ್ತಿರದ ವಸಂತನರಸಾಪುರದಲ್ಲೋ ಕಾರ್ಖಾನೆ ಕೆಲಸಕ್ಕೆ ಹೋಗಿರಬಹುದು. ಅವರ ಬಾಯಲ್ಲಿ ‘ಸಿ.ಎನ್.ಸಿ.’ ಎಂಬ ಮಾತು ಕೇಳಿರುತ್ತೀರಿ. ಅಂಕಿಗಳಲ್ಲಿ ಬರೆದ ಆಜ್ಞೆಗಳನ್ನು ಕಂಪ್ಯೂಟರ್ ಓದಿ ನಡೆಸುವ ಯಂತ್ರವದು. ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಿದರು. ಆಗ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆಯುತ್ತಿದ್ದರು. ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳ ಸಂಶೋಧನೆಗೆಂದೇ 1962ರಲ್ಲಿ ಒಂದು ಕೇಂದ್ರ ಸಂಸ್ಥೆ ತುಮಕೂರು ರಸ್ತೆಯಲ್ಲಿ ಆರಂಭವಾಯಿತು. ಇಂದು ಅದರ ಹೆಸರು ಸಿ.ಎಂ.ಟಿ.ಐ. ಹೀಗೆ ಈ ವಿದ್ಯೆ ನಮ್ಮ ಜಿಲ್ಲೆಯ ಹಾದಿಯಲ್ಲೇ ಬೆಳೆದಿದೆ.

‘ಈ ಯಂತ್ರದ ಮುಂದೆ ನಿಲ್ಲುವವರಿಗೆ ಗುಂಡಿ ಒತ್ತಲು ಬಂದರೆ ಸಾಕು, ಲೆಕ್ಕವನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ’ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಏಕೆಂದು ನೋಡೋಣ.

ಯಂತ್ರಕ್ಕೆ ಕೊಡುವ ಆಜ್ಞೆಯ ಒಂದು ಸಾಲು ಹೀಗಿರುತ್ತದೆ: ‘ಜಿ01 ಎಕ್ಸ್50 ವೈ0 ಎಫ್200’. ಅಂದರೆ, ‘ನೇರ ಗೆರೆಯಲ್ಲಿ 50, 0 ಎಂಬ ಬಿಂದುವಿಗೆ ಹೋಗು, ನಿಮಿಷಕ್ಕೆ 200 ಮಿಲಿಮೀಟರ್ ವೇಗದಲ್ಲಿ ಹೋಗು’. ಕತ್ತರಿಸುವ ಉಪಕರಣ 0, 0 ಬಿಂದುವಿನಲ್ಲಿದ್ದರೆ ಎಷ್ಟು ಸಮಯ ಬೇಕು? 50ನ್ನು 200ರಿಂದ ಭಾಗಿಸಿ. ಕಾಲು ನಿಮಿಷ, ಅಂದರೆ 15 ಸೆಕೆಂಡು. ನಿಮ್ಮ ಗಣಿತ ಪುಸ್ತಕದ ಲೆಕ್ಕವೇ ಇದು!

ಈ 200 ಎಲ್ಲಿಂದ ಬಂತು? ಕತ್ತರಿಸುವ ಕಟ್ಟರ್‌ಗೆ 4 ಹಲ್ಲುಗಳಿವೆ ಎನ್ನಿ. ಅದು ನಿಮಿಷಕ್ಕೆ 1000 ಸುತ್ತು ತಿರುಗುತ್ತದೆ. ಒಂದೊಂದು ಹಲ್ಲೂ ಒಂದು ಸಲಕ್ಕೆ 0.05 ಮಿ.ಮೀ. ಮುಂದಕ್ಕೆ ಕಚ್ಚಬೇಕು. 1000 × 4 × 0.05 = 200. ಇದಕ್ಕೆ ಕಾರ್ಖಾನೆಯಲ್ಲಿ ‘ಫೀಡ್’ ಎನ್ನುತ್ತಾರೆ. ಫೀಡ್ ಅತಿಯಾದರೆ ಹಲ್ಲು ಮುರಿಯುತ್ತದೆ. ತೀರಾ ಕಡಿಮೆಯಾದರೆ ಹಲ್ಲು ಲೋಹವನ್ನು ಕತ್ತರಿಸದೆ ಬರೀ ಉಜ್ಜುತ್ತದೆ; ಬಿಸಿಯಾಗಿ ಮೊಂಡಾಗುತ್ತದೆ. ಆದ್ದರಿಂದ ನಿಧಾನವೇ ಯಾವಾಗಲೂ ಕ್ಷೇಮ ಎನ್ನುವಂತಿಲ್ಲ.

ಈಗ ತಿರುವಿನ ವಿಷಯ. ಯಾವ ಯಂತ್ರವೂ ಒಂದೇ ಕ್ಷಣದಲ್ಲಿ ವೇಗ ಪಡೆಯಲಾರದು, ಒಂದೇ ಕ್ಷಣದಲ್ಲಿ ನಿಲ್ಲಲಾರದು. ಮೆತುವಾದ ಅಲ್ಯೂಮಿನಿಯಂ ಕತ್ತರಿಸುವ ಒಂದು ಯಂತ್ರ ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಪ್ರತಿ 0.1 ಸೆಕೆಂಡಿಗೆ 100 ಮಿ.ಮೀ.ನಷ್ಟು ವೇಗವನ್ನು ಅದು ಏರಿಸಬಲ್ಲದು ಅಥವಾ ಇಳಿಸಬಲ್ಲದು. ಹಾಗಾದರೆ ನಿಲ್ಲಲು 0.1 ಸೆಕೆಂಡು ಬೇಕು. ಆ ಅವಧಿಯ ಸರಾಸರಿ ವೇಗ 50. ಸಾಗುವ ದೂರ 50 × 0.1 = 5 ಮಿ.ಮೀ. ವೇಗವನ್ನು 200ಕ್ಕೆ ಏರಿಸಿದರೆ? ನಿಲ್ಲಲು 0.2 ಸೆಕೆಂಡು, ಸರಾಸರಿ ವೇಗ 100, ದೂರ 20 ಮಿ.ಮೀ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು! ರಸ್ತೆಯ ಮೇಲಿನ ಬೈಕಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಯಂತ್ರದ ದಾರಿಯಲ್ಲಿ ವಕ್ರರೇಖೆ ಬಂದರೆ ಅದನ್ನು ಸಾಮಾನ್ಯವಾಗಿ ಸಣ್ಣ ಸಣ್ಣ ನೇರ ಗೆರೆಗಳಾಗಿ ಒಡೆದು ಬರೆಯುತ್ತಾರೆ. ಒಂದೊಂದು ಗೆರೆ 0.1 ಮಿ.ಮೀ. ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಮುಂದಿನ ಒಂದೇ ಸಾಲನ್ನು ಓದಬಲ್ಲದಾದರೆ ಅದಕ್ಕೆ 0.1 ಮಿ.ಮೀ. ದಾರಿ ಮಾತ್ರ ಕಾಣುತ್ತದೆ. ಅಷ್ಟರಲ್ಲಿ ನಿಲ್ಲಲು ಆಗಬೇಕಾದರೆ ಅದರ ವೇಗ ಸೆಕೆಂಡಿಗೆ ಸುಮಾರು 14 ಮಿ.ಮೀ. ದಾಟುವಂತಿಲ್ಲ. 50 ಸಾಲು ಮುಂದಕ್ಕೆ ಓದಬಲ್ಲದಾದರೆ 5 ಮಿ.ಮೀ. ದಾರಿ ಕಾಣುತ್ತದೆ. ಆಗ 100 ಮಿ.ಮೀ. ವೇಗದಲ್ಲಿ ಧೈರ್ಯವಾಗಿ ಸಾಗಬಹುದು. ಮೋಟರು ಅದೇ, ಕಟ್ಟರ್ ಅದೇ. ಮುಂದೆ ನೋಡುವ ಶಕ್ತಿಯೊಂದೇ ವೇಗವನ್ನು ಏಳು ಪಟ್ಟು ಹೆಚ್ಚಿಸಿತು! ಮುಂದಿನ ತಿರುವುಗಳನ್ನು ಮೊದಲೇ ನೋಡಿ, ಎಲ್ಲಿ ವೇಗ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ಲೆಕ್ಕ ಹಾಕುವ ಈ ಕೆಲಸವನ್ನು ‘ಪಥ ಯೋಜನೆ’ ಎಂದು ಕರೆಯಬಹುದು.

ಹಾಗಾದರೆ ಕಂಪ್ಯೂಟರೇ ಎಲ್ಲ ಮಾಡಿತಲ್ಲ, ಮನುಷ್ಯನಿಗೇನು ಕೆಲಸ? ಫೀಡ್ ಎಷ್ಟೆಂದು ನಿರ್ಧರಿಸುವವರು ಮನುಷ್ಯರೇ. ಎದುರಿಗಿರುವುದು ಉಕ್ಕೋ ಅಲ್ಯೂಮಿನಿಯಮ್ಮೋ ಎಂಬುದನ್ನು ಸಾಮಾನ್ಯ ಯಂತ್ರ ತಾನಾಗಿ ಅರಿಯದು. ತಪ್ಪು ಅಂಕಿ ಬರೆದರೆ ಅದನ್ನೂ ವಿಧೇಯವಾಗಿ ಪಾಲಿಸುತ್ತದೆ. ಯಂತ್ರದ ಫಲಕದ ಮೇಲೆ ಫೀಡನ್ನು ಹೆಚ್ಚು ಕಡಿಮೆ ಮಾಡುವ ಒಂದು ತಿರುಗುಗುಂಡಿ ಇರುತ್ತದೆ. ಕೆಲಸ ಬೇಗ ಮುಗಿಯಲೆಂದು ಅದನ್ನು ಏರಿಸುವವರುಂಟು. ಆದರೆ 100 ಮಿ.ಮೀ. ವೇಗ ಮುಟ್ಟಲು 5 ಮಿ.ಮೀ., ಮತ್ತೆ ನಿಲ್ಲಲು 5 ಮಿ.ಮೀ. ಬೇಕಲ್ಲವೆ? ಚಿತ್ರದ ತುಂಬ 8 ಮಿ.ಮೀ. ಗೆರೆಗಳೂ ಚೂಪಾದ ಮೂಲೆಗಳೂ ಇದ್ದರೆ ಯಂತ್ರ ಆ ವೇಗವನ್ನು ಮುಟ್ಟುವುದೇ ಇಲ್ಲ. ಅಲ್ಲಿ ಗುಂಡಿ ಏರಿಸಿ ಫಲವಿಲ್ಲ. ಇದನ್ನು ತಿಳಿದವರು ಚಿತ್ರವನ್ನೇ ನೋಡಿ, ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಬಹುದೇ ಎಂದು ಕೇಳುತ್ತಾರೆ. ತಿಳಿಯದವರು ಗುಂಡಿ ತಿರುಗಿಸುತ್ತಲೇ ಇರುತ್ತಾರೆ. ಇಬ್ಬರ ಸಂಬಳವೂ ಒಂದೇ ಆಗಿ ಬಹಳ ಕಾಲ ಉಳಿಯುವುದಿಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳ ಮಕ್ಕಳು ಕೆಲಸ ಹುಡುಕಿ ಊರು ಬಿಡುತ್ತಾರೆ. ಅವಕಾಶಗಳು ಹತ್ತಿರವೂ ಬರುತ್ತಿವೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳು ಹೊಸ ಯಂತ್ರಗಳೊಂದಿಗೆ 2022ರಲ್ಲಿ ಮೇಲ್ದರ್ಜೆಗೇರಿದವು. ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಆದರೆ ಐ.ಟಿ.ಐ. ಬಾಗಿಲಿಗೆ ಹೋದಮೇಲೆ ದೂರ-ಕಾಲ-ವೇಗ ಕಲಿಯುತ್ತೇನೆಂದರೆ ತಡವಾಯಿತು. ಆ ಕಲಿಕೆ ಆರು, ಏಳನೇ ತರಗತಿಯಲ್ಲೇ ಗಟ್ಟಿಯಾಗಬೇಕು. ಸೂತ್ರ ಬಾಯಿಪಾಠ ಮಾಡಿ ಮುಗಿಸದೆ ಶಾಲೆಯ ಅಂಗಳದಲ್ಲಿ ಅಳೆದು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಸಿ.ಎನ್.ಸಿ. ಯಂತ್ರವೂ ಬೇಡ, ಕಂಪ್ಯೂಟರೂ ಬೇಡ. ಅಂಗಳದಲ್ಲಿ ಸುಣ್ಣದ ಪುಡಿಯಿಂದ 10 ಮೀಟರ್ ಬಾಹುವಿನ ಚೌಕ ಎಳೆಯಿರಿ. ಒಬ್ಬರು ಗೆರೆ ಬಿಡದೆ, ಮೂಲೆಗಳನ್ನು ಚೂಪಾಗಿ ತಿರುಗುತ್ತಾ ಓಡಲಿ. ಅವರೇ ಇನ್ನೊಮ್ಮೆ ಮೂಲೆಗಳಲ್ಲಿ ದುಂಡಗೆ ತಿರುಗಿ ಓಡಲಿ. ಗಡಿಯಾರ ಹಿಡಿದು ಎರಡೂ ಸಲ ಸಮಯ ಬರೆದುಕೊಳ್ಳಿ. ಎಷ್ಟು ಸೆಕೆಂಡು ಉಳಿಯಿತು? ಗೆರೆಯಿಂದ ಎಷ್ಟು ದೂರ ಸರಿದರು? ಎರಡನ್ನೂ ಅಳೆದು ಗೆಳೆಯರೊಡನೆ ಚರ್ಚಿಸಿ. ಕಾರ್ಖಾನೆಯ ಎಂಜಿನಿಯರುಗಳು ದಿನವೂ ಕೇಳಿಕೊಳ್ಳುವ ಪ್ರಶ್ನೆಗಳು ಇವೇ.