ಅಂಗಡಿ ಅವರದು, ಹೊಲ ನಮ್ಮದು, ತಕ್ಕಡಿ ಯಾರದು?

1996ರ ಜನವರಿ 30. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕೆಂಟಕಿ ಕೋಳಿ ಅಂಗಡಿಗೆ ರೈತ ಸಂಘದವರು ನುಗ್ಗಿದರು. ಗಾಜು ಪುಡಿಪುಡಿಯಾಯಿತು. ಪ್ರೊ. ನಂಜುಂಡಸ್ವಾಮಿಯವರ ಹೆಸರು ದೇಶ ವಿದೇಶದ ಪತ್ರಿಕೆಗಳಲ್ಲಿ ಮೊಳಗಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ದೆಹಲಿಯ ವಸಂತ ವಿಹಾರದಲ್ಲಿ ಭಾರತದ ತನ್ನ ಮೊದಲ ಅಂಗಡಿ ತೆರೆಯಿತು. ಇವತ್ತು ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಬರ್ಗರ್ ಸಿಗುತ್ತದೆ. ಗಾಜು ಒಡೆದರೆ ಹೊಸ ಗಾಜು ಬರುತ್ತದೆ ಸ್ವಾಮಿ! ಅವರ ಬಲ ಇರುವುದು ಮುಂಬಾಗಿಲಲ್ಲಿ ಅಲ್ಲ, ಹಿತ್ತಲಲ್ಲಿ.

ಆ ಹಿತ್ತಲನ್ನು ಒಮ್ಮೆ ಇಣುಕಿ ನೋಡೋಣ.

ದೆಹಲಿಯಲ್ಲಿ ಬಾಗಿಲು ತೆರೆಯುವ ಹಲವು ವರ್ಷ ಮೊದಲೇ ಮೆಕ್‌ಡೊನಾಲ್ಡ್ಸ್‌ನವರು ತಯಾರಿ ಶುರು ಮಾಡಿದ್ದರು. ಲೆಟ್ಯೂಸ್ ಸೊಪ್ಪಿಗೆ ಪುಣೆ ಬಳಿಯ ತಳೇಗಾಂವ್, ಚೀಸಿಗೆ ಬಾರಾಮತಿ, ಬನ್ನಿಗೆ ಪಂಜಾಬಿನ ಫಿಲ್ಲೌರ್. ಹೊಲದಿಂದ ಅಂಗಡಿಯವರೆಗೆ ತಂಪು ಲಾರಿ, ತಂಪು ಗೋದಾಮು. ಹೆಪ್ಪುಗಟ್ಟಿಸಿದ ಮಾಲನ್ನು ದಾರಿಯುದ್ದಕ್ಕೂ ಮೈನಸ್ 18 ಡಿಗ್ರಿಯಲ್ಲೇ ಇಡಬೇಕು. ಫ್ರೆಂಚ್ ಫ್ರೈಗೆ ಮಾತ್ರ ನಮ್ಮ ಆಲೂಗಡ್ಡೆ ಆಗಲಿಲ್ಲ. ನೀರಿನಂಶ ಹೆಚ್ಚು, ಗಾತ್ರ ಸಣ್ಣದು. ಮೊದಮೊದಲು ಹೊರದೇಶದಿಂದಲೇ ತರಿಸಿದರು. ಆಮೇಲೆ ಮೆಕೇನ್ ಎಂಬ ಕೆನಡಾ ಕಂಪನಿ ಗುಜರಾತಿನ ರೈತರ ಕೈಯಲ್ಲಿ ಶೆಪೊಡಿಯಂಥ ಹೊರತಳಿಗಳನ್ನು ಬೆಳೆಸಿ, ಮೆಹ್ಸಾಣಾದಲ್ಲಿ ಕಾರ್ಖಾನೆ ಹಾಕಿತು.

ಇದರಲ್ಲಿ ಕಲಿಯುವುದೂ ಇದೆ. ಬಿತ್ತುವ ಮೊದಲೇ ಬೆಲೆ ಗೊತ್ತಿರುವುದು, ಸೊಪ್ಪು ಬಾಡುವ ಮೊದಲೇ ತಂಪಿಗೆ ಸೇರುವುದು ರೈತನಿಗೆ ಒಳ್ಳೆಯದೇ. ಕೋಲಾರದ ಟೊಮೆಟೊ ಬೀದಿಗೆ ಸುರಿಯುವುದನ್ನು ಕಂಡವರು ಇದನ್ನು ಅಲ್ಲಗಳೆಯಲಾರರು.

ಆದರೆ ಚಮತ್ಕಾರ ಬೇರೆಯೇ ಇದೆ. ಈ ಸರಪಳಿಯಲ್ಲಿ ಹಸು ಕಂಪನಿಯದಲ್ಲ, ಹೊಲ ಕಂಪನಿಯದಲ್ಲ, ಲಾರಿಯೂ ಕಂಪನಿಯದಲ್ಲ. ಕಂಪನಿಯದು ಒಂದೇ: ಅಳತೆಗೋಲು! ಎಷ್ಟು ಉದ್ದ, ಎಷ್ಟು ದಪ್ಪ, ಯಾವ ಬಣ್ಣ ಎಂಬುದನ್ನು ಅದೇ ಹೇಳುತ್ತದೆ. ಅಳತೆ ತಪ್ಪಿದರೆ ನಷ್ಟ ಬೆಳೆದವನ ತಲೆಗೆ. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದಾಗ ಉತ್ತರ, ಪೂರ್ವ ಭಾರತದ ಅನೇಕ ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಗುಣಮಟ್ಟದ ಹಣ್ಣು ಸಿಗುತ್ತಿಲ್ಲವೆಂದು ಚೀಟಿ ಅಂಟಿಸಿ ಟೊಮೆಟೊ ಕೈಬಿಟ್ಟವು. ಬರ್ಗರಿಗೆ ಅದರಿಂದ ಏನೂ ಆಗಲಿಲ್ಲ. ರೈತ ಹೊಲದಲ್ಲಿ ನಿಂತ ಬೆಳೆಯನ್ನು ಹೀಗೆ ಕೈಬಿಡಬಲ್ಲನೇ?

ಇದು ದೂರದ ಮಾತಲ್ಲ. ಬರ್ಗರಿನೊಳಗೆ ಹುಳಿ ಹುಳಿಯಾದ ಒಂದು ಹೋಳು ಇರುತ್ತದೆ, ಮಿಡಿಸೌತೆ. 1990ರ ದಶಕದ ಆರಂಭದಲ್ಲಿ ಅದರ ಒಪ್ಪಂದ ಬೇಸಾಯ ಬೇರೂರಿದ್ದು ನಮ್ಮ ಕರ್ನಾಟಕದಲ್ಲೇ. 2020-21ರಲ್ಲಿ ಭಾರತದಿಂದ 2 ಲಕ್ಷ 23 ಸಾವಿರ ಟನ್ನಿಗೂ ಮೇಲ್ಪಟ್ಟು ಸೌತೆ, ಮಿಡಿಸೌತೆ ಹೊರದೇಶಗಳಿಗೆ ಹೋಯಿತು. ಕಾಯಿ ಚಿಕ್ಕದಾದಷ್ಟೂ ಬೆಲೆ ಹೆಚ್ಚು. ಕೊಯ್ಲು ಒಂದು ದಿನ ತಡವಾದರೂ ಕಾಯಿ ಉಬ್ಬಿ ದರ್ಜೆ ಇಳಿಯುತ್ತದೆ. ಕಂಪನಿ ಬೇಡವೆಂದರೆ? ನಮ್ಮ ಸಂತೆಯಲ್ಲಿ ಅದನ್ನು ಕೇಳುವವರೇ ಇಲ್ಲ! ಬೆಳೆದವನು ತಿನ್ನದ ಬೆಳೆ, ಕೊಳ್ಳುವವನು ಒಬ್ಬನೇ. ತಕ್ಕಡಿ ಯಾರ ಕೈಯಲ್ಲಿದೆ ಎಂದು ಬಿಡಿಸಿ ಹೇಳಬೇಕೇ?

ಹಾಗಾದರೆ ದಾರಿ ಇಲ್ಲವೇ? ನಮ್ಮ ನಂದಿನಿಯನ್ನೇ ನೋಡಿ. ಅದೂ ತಂಪು ಸರಪಳಿಯೇ. ಹಾಲು ಕೆಟ್ಟರೆ ಅಲ್ಲೂ ವಾಪಸ್ಸೇ. ಆದರೆ ಹಾಲು ಅಳೆಯುವ ಹಳ್ಳಿಯ ಸಂಘ ಹಾಲು ಹಾಕುವವರದು. ಲೆಕ್ಕ ತಪ್ಪಿದರೆ ಅಧ್ಯಕ್ಷನನ್ನು ನಿಲ್ಲಿಸಿ ಕೇಳಬಹುದು, ಚುನಾವಣೆಯಲ್ಲಿ ಇಳಿಸಲೂಬಹುದು.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ಬೆಳೆ ಒಪ್ಪಂದದ ಕಾಗದ ರೈತ ಓದಬಲ್ಲ ಕನ್ನಡದಲ್ಲಿರಲಿ. ದರ್ಜೆ ಅಳೆಯುವುದು ಅವನ ಕಣ್ಣೆದುರೇ ನಡೆಯಲಿ. ಮಾಲು ತಿರಸ್ಕರಿಸಿದರೆ ಕಾರಣ ಬರೆದುಕೊಡಲಿ. ರೈತರು ಒಬ್ಬೊಬ್ಬರಾಗಿ ಅಲ್ಲ, ಸಂಘವಾಗಿ ಸಹಿ ಹಾಕಲಿ. ಶೈತ್ಯಾಗಾರ ಆ ಸಂಘದ್ದೇ ಆಗಲಿ.

ಕನ್ನಡಿಗರೇ, ಅಂದು ಕಲ್ಲು ಹಿಡಿದ ಕೈಯಲ್ಲಿ ಸಿಟ್ಟಿತ್ತು, ಒಪ್ಪೋಣ. ಇಂದು ಅದೇ ಕೈ ತಕ್ಕಡಿ ಹಿಡಿಯಲಿ!